ಕಾಣದಾದ ಪದಗಳು

2011ರಲ್ಲಿ ತಮಿಳುನಾಡು ಸರ್ಕಾರ ಓದೋ ಮಕ್ಕಳಿಗೆ ಪುಕ್ಕಟೆ ಲ್ಯಾಪ್‌ಟಾಪ್ ಕೊಡಲು ಶುರುಮಾಡಿತು. ಸೂಳಗಿರಿಯ ನಮ್ಮ ಮನೆಗೂ ಒಂದು ಬಂತು. ಅದರಲ್ಲಿ ವಿಂಡೋಸ್ ಜೊತೆಗೆ ಸಿ-ಡ್ಯಾಕ್‌ನವರು ಕಟ್ಟಿದ ಬಾಸ್ ಎಂಬ ಲಿನಕ್ಸೂ ಇತ್ತು.

ನಾನು ಹಾಡಿದ ಪದಗಳನ್ನು ಮಗಳು ಡಿಸ್ಕಿನ ಬೇರೊಂದು ಭಾಗದಲ್ಲಿ ತುಂಬಿಟ್ಟಳು. ಮಾರನೇ ದಿನ ಲಿನಕ್ಸ್ ತೆರೆದರೆ ಒಂದು ಪದವೂ ಕಾಣದು! ನನ್ನ ಎದೆ ಧಸಕ್ಕೆಂದಿತು. ಅವನ್ನು ಕಲಿಸಿದ ನಮ್ಮವ್ವ ಈಗಿಲ್ಲ.

“ಎಲ್ಲೂ ಹೋಗಿಲ್ಲಪ್ಪಾ, ಮೌಂಟ್ ಆಗಿಲ್ಲ ಅಷ್ಟೇ” ಅಂದಳು.

ಈ ಮಾತಿಗೂ ಚರಿತ್ರೆ ಇದೆ. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಯುನಿಕ್ಸ್ ಹುಟ್ಟಿತು. ಆ ಕಾಲದಲ್ಲಿ ಎಷ್ಟೋ ಡಿಸ್ಕುಗಳನ್ನು ಆಳೇ ಎತ್ತಿ ಯಂತ್ರಕ್ಕೆ ಕೂರಿಸಬೇಕಿತ್ತು. ಕೂರಿಸೋದೇ ಮೌಂಟ್. 1991ರಲ್ಲಿ ಫಿನ್‌ಲೆಂಡಿನ ಲಿನಸ್ ಟೊರ್ವಾಲ್ಡ್ಸ್ ಶುರುಮಾಡಿದ ಲಿನಕ್ಸೂ ಅದೇ ದಾರಿ ಹಿಡಿಯಿತು. ಅಲ್ಲಿ ಎಲ್ಲಕ್ಕೂ ಬೇರು ಒಂದೇ. ಡಿಸ್ಕಿನ ಭಾಗವನ್ನು ಆ ಮರದ ಯಾವುದಾದರೂ ಕೊಂಬೆಗೆ ಕಟ್ಟಿದರೇನೇ ಒಳಗಿನದು ಕಾಣೋದು.

ಎಫ್‌ಎಸ್‌ಟ್ಯಾಬ್ ಎಂಬ ಕಡತದಲ್ಲಿ ಯಾವ ಭಾಗ, ಯಾವ ಕೊಂಬೆ ಅಂತ ಮಗಳು ಒಂದು ಸಾಲು ಬರೆದಳು. ಅವತ್ತಿಂದ ಯಂತ್ರ ಹಚ್ಚಿದಾಗೆಲ್ಲ ತಾನೇ ಕಟ್ಟಿಕೊಳ್ಳುತ್ತೆ.

ಮೇಷ್ಟ್ರುಗಳೇ, ಪದ ಕಾಣಲಿಲ್ಲ ಅಂತ ಡಿಸ್ಕನ್ನು ಅಳಿಸಿ ಹೊಸದು ಮಾಡಬೇಡಿ. ಮೊದಲು ಕಟ್ಟಿದೆಯಾ ನೋಡಿ.