ಕೂಪನ್ನಿನ ಒಕ್ಕಣೆ

ಸಾಂತಾಕ್ರೂಜ್ ಪೂರ್ವದ ಬಿಲ್ಲವ ಭವನಕ್ಕೂ ಕಲೀನಾದ ವಿದ್ಯಾನಗರಿಯಲ್ಲಿರುವ ವಿಶ್ವವಿದ್ಯಾಲಯದ ಕನ್ನಡ ವಿಭಾಗಕ್ಕೂ ಹೋಗಿಬರುವವನಿಗೆ, ಮುಂಬಯಿ ಕನ್ನಡ ಕಥನದ ಚರಿತ್ರೆಯು ವ್ಯಾಸರಾಯ ಬಲ್ಲಾಳ, ಯಶವಂತ ಚಿತ್ತಾಲರಂಥವರಿಂದಲೇ ತೊಡಗುವುದೆಂದು ತೋರಿದರೆ ಆಶ್ಚರ್ಯವಿಲ್ಲ. ಆದರೆ ದಕ್ಷಿಣ ಕನ್ನಡದಿಂದ ಬಂದು, ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ಇರುಳು ಬಿಲ್ಲವರ ಅಸೋಸಿಯೇಶನ್ನಿನ ಗುರುನಾರಾಯಣ ರಾತ್ರಿಶಾಲೆಯಂಥ ಕಡೆ ಅಕ್ಷರ ತಿದ್ದಿದ ಹುಡುಗರು, ತಾವು ಕತೆ ಬರೆಯುತ್ತಿರುವೆವೆಂಬ ಅರಿವೇ ಇಲ್ಲದೆ, ಅತಿ ಸಣ್ಣ ಕತೆಯ ವಿದ್ಯೆಯನ್ನು ಮನಿಯಾರ್ಡರ್ ಫಾರಮಿನ ಮೇಲೆ ಅಭ್ಯಸಿಸಿದರೆಂಬುದು ನನ್ನ ನಂಬಿಕೆ.

ಮನಿಯಾರ್ಡರ್ ವ್ಯವಹಾರವನ್ನು ಅಂಚೆ ಇಲಾಖೆಯು ವಹಿಸಿಕೊಂಡದ್ದು 1880ರಲ್ಲಿ. ಫಾರಮಿನ ತುದಿಯಲ್ಲಿ ಕೂಪನ್ನೆಂಬ ತುಂಡೊಂದಿದ್ದು, ಅಂಚೆಯವನು ಹಣವನ್ನೆಣಿಸಿಕೊಟ್ಟ ಬಳಿಕ ಅದನ್ನು ಹರಿದು ಮನೆಯವರ ಕೈಗಿಡುತ್ತಿದ್ದನು. ಕಾಗದವಾದರೆ ‘ಉಭಯ ಕುಶಲೋಪರಿ ಸಾಂಪ್ರತ’ದಿಂದ ಹೊರಟು ಹಿರಿಯರ ನಮಸ್ಕಾರಗಳನ್ನು ಮುಟ್ಟುವಷ್ಟರಲ್ಲಿ ಹೇಳಬೇಕಾದುದನ್ನು ನುಂಗಿಬಿಡಲು ಯಥೇಷ್ಟ ಅವಕಾಶವಿತ್ತು, ತುಳುವಿನಲ್ಲಿ ನಕ್ಕು ಅತ್ತವನು ಶಾಲೆಯ ಕನ್ನಡದಲ್ಲಿ ಬರೆಯುವಾಗಲಂತೂ ಉಪಚಾರವು ಇಮ್ಮಡಿಯಾಗುತ್ತಿತ್ತು. ಕೂಪನ್ನಿನಲ್ಲಿ ಪೀಠಿಕೆಗೆ ಎಡೆಯೆಲ್ಲಿ? ‘ಇದರಲ್ಲಿ ಐದು ರೂಪಾಯಿ ತಂಗಿಯ ಲಂಗಕ್ಕೆ. ದನ ಮಾರಬೇಡಿ. ಜ್ವರ ಬಿಟ್ಟಿತು’ ಎಂದೊಬ್ಬನು ಬರೆದನೆನ್ನೋಣ: ಜ್ವರ ಬಂದದ್ದನ್ನೇ ಅರಿಯದ ತಾಯಿಗೆ ಅದು ಬಿಟ್ಟ ವಾರ್ತೆಯು ಮುಟ್ಟುತ್ತದೆ, ಉಳಿದುದನ್ನು ಅವಳೇ ಕಟ್ಟಿಕೊಳ್ಳಬೇಕು. ಅಕ್ಷರವರಿಯದ ಮನೆಯಲ್ಲಿ ಓದಿ ಹೇಳುವವನು ಬಹುಮಟ್ಟಿಗೆ ಆ ಅಂಚೆಯವನೇ ಆದುದರಿಂದ, ಪರರ ಬಾಯಲ್ಲಿ ಕೇಳಿದರೂ ನಾಚಿಕೆಯಾಗದಂತೆ ಬರೆಯಬೇಕಾಗಿದ್ದಿತು. ದುಃಖವನ್ನು ಹೆಸರಿಸದೆ ಲಂಗವನ್ನೂ ದನವನ್ನೂ ಹೆಸರಿಸುವ ಸಂಯಮವು ಈ ನಿರ್ಬಂಧದಿಂದಲೇ ಬಂದಿತೆಂದು ತೋರುತ್ತದೆ. ಹಣ ಸಂದುದಕ್ಕೆ ಸಾಕ್ಷಿಯಾಗಿ, ತಾಯಿಯ ಹೆಬ್ಬೆಟ್ಟಿನ ಗುರುತನ್ನು ಹೊತ್ತ ರಸೀತಿಯು ಮುಂಬಯಿಗೆ ಮರಳುತ್ತಿತ್ತು.

ಅನಂತರ ವಾರಪತ್ರಿಕೆಗಳಲ್ಲಿ ಮಿನಿಗತೆಗಳು ಬಂದವು. ಕೊನೆಯ ಸಾಲಿನಲ್ಲಿ ಓದುಗನನ್ನು ಬೆಚ್ಚಿಬೀಳಿಸುವ ಹಂಚಿಕೆಯೇ ಅವುಗಳಲ್ಲಿ ಅನೇಕಕ್ಕೆ ಬಂಡವಾಳ. ನನಗೆ ಅವು ರುಚಿಸಿದ್ದು ಕಡಿಮೆ. ಎಸ್. ದಿವಾಕರರ ‘ಜಗತ್ತಿನ ಅತಿ ಸಣ್ಣ ಕತೆಗಳು’ ಸಂಕಲನವು ಉತ್ತಮ ಮಾದರಿಗಳನ್ನೊದಗಿಸಿತು. ಮುಂಬಯಿಯ ಸಾಮಾನ್ಯರನ್ನು ಕುರಿತ ಜಯಂತ ಕಾಯ್ಕಿಣಿಯವರ ಕತೆಗಳು ಗಾತ್ರದಲ್ಲಿ ದೊಡ್ಡವಾದರೂ, ಸಣ್ಣ ವಸ್ತುವೊಂದರ ಮೇಲೆ ಮಮತೆಯ ಭಾರವನ್ನೆಲ್ಲ ಹೊರಿಸುವ ರೀತಿಯಲ್ಲಿ ಕೂಪನ್ನಿನ ಬಂಧುಗಳೇ ಸರಿ.

2015ರಲ್ಲಿ ಹಳೆಯ ಮನಿಯಾರ್ಡರ್ ಸೇವೆಯು ನಿಂತಿತು. ಅದರ ಸ್ಥಾನದಲ್ಲಿ ನಿಂತ ಇಲೆಕ್ಟ್ರಾನಿಕ್ ಮನಿಯಾರ್ಡರಿಗೆ ಒಕ್ಕಣೆಯನ್ನು ಬರೆಯಬೇಕಾದುದೇ ಇಲ್ಲ. ಸಿದ್ಧವಾಗಿರುವ ಪಟ್ಟಿಯಿಂದ ಒಂದನ್ನು ಆಯ್ದು, ಅದರ ಅಂಕಿಯನ್ನು ನಮೂದಿಸಿದರಾಯಿತು.