ಮೇಲ್‌ನಲ್ಲಿ ಬಂದ ಬೆದರಿಕೆ, ಪಹಣಿಯಲ್ಲಿ ಸಿಕ್ಕ ವಿಳಾಸ

2017ರ ಮೇ ತಿಂಗಳಲ್ಲಿ ಬೆಂಗಳೂರಿನ ವಿಪ್ರೊ ಕಂಪನಿಗೆ ಹೆಸರಿಲ್ಲದ ಇ-ಮೇಲ್ ಒಂದು ಬಂತು. 500 ಕೋಟಿ ರೂಪಾಯಿಯನ್ನು ಬಿಟ್‌ಕಾಯಿನ್‌ನಲ್ಲಿ ಕೊಡದಿದ್ದರೆ ರೈಸಿನ್ ಎಂಬ ವಿಷ ಹರಡುತ್ತೇವೆ ಎಂಬ ಬೆದರಿಕೆ. ಮೇ 25ರ ಗಡುವು ಕಳೆಯಿತು, ಏನೂ ಆಗಲಿಲ್ಲ. 2024ರ ಮಾರ್ಚ್‌ನಲ್ಲಿ, ರಾಮೇಶ್ವರಂ ಕೆಫೆ ಸ್ಫೋಟದ ಬಿಸಿ ಆರುವ ಮೊದಲೇ, ಮುಖ್ಯಮಂತ್ರಿಗೂ ಗೃಹ ಸಚಿವರಿಗೂ ಅಂಥದೇ ಮೇಲ್ ಬಂತು: 25 ಲಕ್ಷ ಡಾಲರ್ ಕೊಡಿ, ಇಲ್ಲವೇ ಮತ್ತೆ ಬಾಂಬ್ ಸಿಡಿಯುತ್ತದೆ. ಆಗ ಗೃಹ ಸಚಿವರಾಗಿದ್ದವರು ಕೊರಟಗೆರೆಯ ಶಾಸಕ ಜಿ. ಪರಮೇಶ್ವರ. ಆ ಬೆದರಿಕೆಯೂ ಹುಸಿಯಾಯಿತು.

ಇಂಥ ಮೇಲ್, ಪೋಸ್ಟ್, ಕಾಮೆಂಟುಗಳನ್ನು ಹಗಲಿರುಳು ಸೋಸಿ ಎಂ.ಡಿ., ಸಿಇಒಗಳ ಜೀವ ಕಾಯುವುದು ಇಂದು ದೊಡ್ಡ ಉದ್ಯೋಗ. ಅದರ ಬೇರು ಅಂತರ್ಜಾಲಕ್ಕಿಂತ ಹಳೆಯದು. ಉದ್ಯಮಿಗಳ ಅಪಹರಣ ಹೆಚ್ಚಿದ 1970ರ ದಶಕದಲ್ಲಿ, 1975ರಲ್ಲಿ, ಲಂಡನ್ನಿನಲ್ಲಿ ಕಂಟ್ರೋಲ್ ರಿಸ್ಕ್ಸ್ ಎಂಬ ಕಂಪನಿ ಹುಟ್ಟಿತು. ನಮ್ಮಲ್ಲಿ ರಕ್ಷಣೆಯೆಂದರೆ ಬಹುಕಾಲ ಗೇಟು, ಗನ್‌ಮ್ಯಾನ್, ಬೆಂಗಾವಲು ಕಾರು ಅಷ್ಟೇ. ಖಾಸಗಿ ಸೆಕ್ಯುರಿಟಿ ಏಜೆನ್ಸಿಗಳಿಗೆ ಕಾಯ್ದೆ ಬಂದದ್ದೇ 2005ರಲ್ಲಿ. ಮುಂಬೈ ದಾಳಿಯ ನಂತರ, 2009ರಲ್ಲಿ, ಸಿಐಎಸ್‌ಎಫ್ ಕಾಯ್ದೆಗೆ ತಿದ್ದುಪಡಿಯಾಗಿ ಖಾಸಗಿ ಕಂಪನಿಗಳೂ ಹಣ ಕೊಟ್ಟು ಆ ಪಡೆಯನ್ನು ಪಡೆಯುವಂತಾಯಿತು. ಮೊದಲು ಪಡೆದದ್ದು ಇನ್ಫೋಸಿಸ್. ಅತ್ತ ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ 2001ರಲ್ಲೇ ಬೆಂಗಳೂರಿನಲ್ಲಿ ಶುರುವಾಗಿತ್ತು. ಗೇಟು ಕಾಯುವವರೂ ಕಂಪ್ಯೂಟರ್ ಬಲ್ಲವರೂ ಒಂದೇ ಮೇಜಿಗೆ ಕೂರಲು ಮಾತ್ರ ಬಹಳ ವರ್ಷ ಬೇಕಾಯಿತು.

ಈ ಕ್ಷೇತ್ರದ ಅತಿ ಮುಖ್ಯ ಪಾಠ ಅಷ್ಟರಲ್ಲಿ ಕಾಗದದ ಮೇಲೆ ಬಂದಾಗಿತ್ತು. 1949ರಿಂದೀಚೆಗೆ ಗಣ್ಯರ ಮೇಲೆ ದಾಳಿ ಮಾಡಿದ ಅಥವಾ ಮಾಡಲು ಹೊರಟ 83 ಜನರ ಬಗ್ಗೆ ಅಮೆರಿಕದ ಸೀಕ್ರೆಟ್ ಸರ್ವಿಸ್ ಅಧ್ಯಯನ ಮಾಡಿಸಿತು. ಅವರಲ್ಲಿ ತಮ್ಮ ಗುರಿಗೋ ಪೊಲೀಸರಿಗೋ ನೇರ ಬೆದರಿಕೆ ಹಾಕಿದವರು ಹತ್ತರಲ್ಲಿ ಒಬ್ಬರಷ್ಟೂ ಇರಲಿಲ್ಲ. ಆದರೆ ಅನೇಕರು ಮನೆಯವರ ಬಳಿ ಬಾಯಿಬಿಟ್ಟಿದ್ದರು, ಇಲ್ಲವೇ ಡೈರಿಯಲ್ಲಿ ಬರೆದಿಟ್ಟಿದ್ದರು. ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ನಮ್ಮ ಗಾದೆಗೆ ಸಿಕ್ಕ ಅರ್ಧ ಸಾಕ್ಷಿ ಇದು. ಅರ್ಧವೇ, ಏಕೆಂದರೆ ಕೆಲವು ಬೊಗಳಿ ಕಚ್ಚುತ್ತವೆ.

ಕರ್ನಾಟಕ ಈ ಪಾಠವನ್ನು ಕಂಡದ್ದು ಕಂಪನಿಯ ಅಂಗಳದಲ್ಲಲ್ಲ. 2017ರ ಸೆಪ್ಟೆಂಬರ್ 5ರಂದು ಪತ್ರಕರ್ತೆ ಗೌರಿ ಲಂಕೇಶ್ ಹತ್ಯೆಯಾಯಿತು. ಅವರ ವಿರುದ್ಧ ಅಂತರ್ಜಾಲದಲ್ಲಿ ಬೈಗುಳದ ಮಳೆಯೇ ಸುರಿದಿತ್ತು. ತನಿಖೆಯಲ್ಲಿ ಎಸ್‌ಐಟಿಗೆ ಸಿಕ್ಕಿದ್ದು ಮಾತ್ರ ಸಂಕೇತಭಾಷೆಯ ಡೈರಿ, ಅದರಲ್ಲಿ ಗಿರೀಶ ಕಾರ್ನಾಡ ಮುಂತಾದವರ ಹೆಸರುಗಳ ಪಟ್ಟಿ. ಪರದೆಯನ್ನಷ್ಟೇ ನೋಡುತ್ತ ಕೂತ ಯಾವ ಕಾವಲುಗಾರನಿಗೂ ಆ ಡೈರಿ ಕಾಣುತ್ತಿರಲಿಲ್ಲ.

2023ರ ಹೊತ್ತಿಗೆ ಈ ಕಾವಲು ಕೆಲಸದ ರೂಪವೇ ಬದಲಾಯಿತು. ಕೊಲ್ಲುತ್ತೇನೆ ಎನ್ನುವವನಿಗಿಂತ ಮುಖ ಕದಿಯುವವನು ಹೆಚ್ಚು ಕಾಡತೊಡಗಿದ. ಎನ್.ಆರ್. ನಾರಾಯಣಮೂರ್ತಿ ಟ್ರೇಡಿಂಗ್ ಆ್ಯಪ್‌ಗಳನ್ನು ಹೊಗಳುವ ಡೀಪ್‌ಫೇಕ್ ವಿಡಿಯೋಗಳು ಹರಿದಾಡಿ, ಅವರೇ ಎಚ್ಚರಿಕೆ ಕೊಡಬೇಕಾಯಿತು. ಮರುವರ್ಷ ಡಿಸೆಂಬರ್ 4ರಂದು ನ್ಯೂಯಾರ್ಕ್‌ನಲ್ಲಿ ಯುನೈಟೆಡ್‌ಹೆಲ್ತ್‌ಕೇರ್ ಸಿಇಒ ಬ್ರಯಾನ್ ಥಾಮ್ಸನ್ ಕೊಲೆಯಾದ ಮೇಲೆ ಕಂಪನಿಗಳು ಈ ಕೆಲಸಕ್ಕೆ ಥೈಲಿ ಬಿಚ್ಚಿದವು.

ಇದಕ್ಕೂ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಕ್ಕೂ ಏನು ಸಂಬಂಧ? 2020ರಲ್ಲಿ ಭೂಸುಧಾರಣಾ ಕಾಯ್ದೆಯ ತಿದ್ದುಪಡಿಯಿಂದ ಕೃಷಿಕರಲ್ಲದವರೂ ಹೊಲ ಕೊಳ್ಳಬಹುದಾಯಿತು. ಬೆಂಗಳೂರಿನ ಸಾಹೇಬರು ವಾರಾಂತ್ಯದ ತೋಟವನ್ನು ಈ ಕಡೆ ಮಾಡಿದರೆಂದುಕೊಳ್ಳಿ. ನಗರದ ಮನೆಗೆ ಮೂರು ಸುತ್ತು ಕಾವಲು. ತೋಟದ ಪಹಣಿ ಮಾತ್ರ ಭೂಮಿ ತಂತ್ರಾಂಶದಲ್ಲಿ ಯಾರು ಬೇಕಾದರೂ ನೋಡಬಹುದು. ದಿಶಾಂಕ್ ಆ್ಯಪ್ ಹಿಡಿದು ಬೇಲಿಯ ಪಕ್ಕ ನಿಂತರೆ ಸರ್ವೆ ನಂಬರ್ ಬರುತ್ತದೆ, ಅದರ ಹಿಂದೆ ಮಾಲೀಕರ ಹೆಸರು. ಪಹಣಿ ಬಚ್ಚಿಡಿ ಎಂದು ನಾನು ಹೇಳಲಾರೆ. ಶಾನುಭೋಗರ ಕಾಲದಲ್ಲಿ ಒಂದು ನಕಲಿಗಾಗಿ ರೈತ ಎಷ್ಟು ಅಲೆದಿದ್ದಾನೆಂಬುದು ಈ ಸೀಮೆಗೆ ಗೊತ್ತು. ಕಾವಲು ಕಾಯುವವರು ಮೊದಲು ನೋಡಬೇಕಾದದ್ದು ಎಕ್ಸ್ (ಹಿಂದಿನ ಟ್ವಿಟರ್) ಅಲ್ಲ, ಇಂಥ ತೆರೆದ ದಾಖಲೆಗಳು ಎಂಬುದಷ್ಟೇ ನನ್ನ ಮಾತು.

ಪಾವಗಡದ ಕಥೆ ಬೇರೆ. 2005ರ ಫೆಬ್ರವರಿಯಲ್ಲಿ, ನಕ್ಸಲ್ ನಾಯಕ ಸಾಕೇತ್ ರಾಜನ್ ಎನ್‌ಕೌಂಟರ್ ಆದ ಕೆಲವೇ ದಿನಗಳಲ್ಲಿ, ವೆಂಕಟಮ್ಮನಹಳ್ಳಿಯ ಕೆಎಸ್‌ಆರ್‌ಪಿ ಶಿಬಿರದ ಮೇಲೆ ನಕ್ಸಲರು ಎರಗಿ ಪೊಲೀಸರನ್ನು ಕೊಂದರು. ಅದೇ ತಾಲ್ಲೂಕಿನ ತಿರುಮಣಿಯ ಸುತ್ತ ಇಂದು ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ. ಜಮೀನು ಕೊಂಡದ್ದಲ್ಲ, ಗುತ್ತಿಗೆಯದು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದದ್ದು. ಭೂಮಿಯುಳ್ಳವರಿಗೆ ಬಾಡಿಗೆ ಬಂತು, ಕೂಲಿಯವರಿಗೆ ಹೊಲದ ಕೆಲಸ ಹೋಯಿತು. ಆ ಸಿಟ್ಟು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹೊರಬಂದರೆ ಅದು ಬೆದರಿಕೆಯೇ, ಅಹವಾಲೇ? ‘ಸುಮ್ನೆ ಬಿಡಲ್ಲ’, ‘ಒಂದು ಗತಿ ಕಾಣಿಸ್ತೀವಿ’ ಎಂಬುದು ಇಲ್ಲಿ ನೀರಿನ ಜಗಳದಲ್ಲೂ ಬರುವ ಮಾತು. ಅದರಲ್ಲೂ ಪಾವಗಡ ಮೂರು ಕಡೆ ಆಂಧ್ರ ಸುತ್ತಿದ ತಾಲ್ಲೂಕು. ಮಾತು ಅರ್ಧ ತೆಲುಗು, ಬರೆಯುವುದು ಇಂಗ್ಲಿಷ್ ಅಕ್ಷರದಲ್ಲಿ. ದೂರದ ಊರಿನ ತಂತ್ರಾಂಶ ಕೆಂಪುದೀಪ ಹಚ್ಚಿದರೂ ಹಚ್ಚದಿದ್ದರೂ ನಂಬುವುದು ಕಷ್ಟ.

ಅಪಾಯದ ಸುಳಿವು ಬೆದರಿಕೆ ಪತ್ರವಾಗಿಯೇ ಬರಬೇಕಿಲ್ಲ ಎಂಬುದಕ್ಕೆ ಮಧುಗಿರಿಯಲ್ಲೂ ಉದಾಹರಣೆಯಿದೆ. ಅಲ್ಲಿನ ಶಾಸಕ, ಆಗ ಸಹಕಾರ ಸಚಿವರಾಗಿದ್ದ ಕೆ.ಎನ್. ರಾಜಣ್ಣ 2025ರ ಮಾರ್ಚ್‌ನಲ್ಲಿ ವಿಧಾನಸಭೆಯಲ್ಲಿ ಹನಿಟ್ರ್ಯಾಪ್ ಯತ್ನದ ಮಾತೆತ್ತಿದರು. ಬೆನ್ನಿಗೇ ಅವರ ಮಗ, ವಿಧಾನ ಪರಿಷತ್ ಸದಸ್ಯ ರಾಜೇಂದ್ರ, ತಮ್ಮ ಕೊಲೆಗೆ ಸುಪಾರಿ ಕೊಡಲಾಗಿತ್ತೆಂದು ದೂರಿದರು. ಆರೋಪದ ಹುರುಳು ತನಿಖೆಗೆ ಬಿಟ್ಟದ್ದು. ಆದರೆ ಅವರು ಮುಂದಿಟ್ಟದ್ದು ಬೆದರಿಕೆ ಪತ್ರವಲ್ಲ, ಯಾರದೋ ಮಾತುಕತೆಯ ಆಡಿಯೋ ತುಣುಕು.

ಕಾನೂನು ಎರಡೂ ಕಡೆ ಎಳೆಯುತ್ತದೆ. ಹೆಸರು ಮರೆಸಿ ಹಾಕಿದ ಬೆದರಿಕೆಗೆ ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಂನಲ್ಲಿ ಹೆಚ್ಚುವರಿ ಶಿಕ್ಷೆಯಿದೆ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್ ಹೇಳಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯಲ್ಲಿ. ಆದರೂ 2023ರ ದತ್ತಾಂಶ ರಕ್ಷಣಾ ಕಾಯ್ದೆ, ಒಬ್ಬ ತಾನಾಗಿ ಬಹಿರಂಗಪಡಿಸಿದ ಮಾಹಿತಿಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ತಿರುಮಣಿಯ ರೈತನೊಬ್ಬ ಬಾಡಿಗೆ ಸಾಲದೆಂದು ಫೇಸ್‌ಬುಕ್‌ನಲ್ಲಿ ಎಲ್ಲರಿಗೂ ಕಾಣುವಂತೆ ಬರೆದರೆ, ಅದನ್ನು ‘ಅಪಾಯ’ದ ಕಡತಕ್ಕೆ ಸೇರಿಸುವ ಕಂಪನಿಯನ್ನು ಆ ಕಾಯ್ದೆ ಕೇಳುವುದಿಲ್ಲ.