ಫ್ಲಾಶ್ ಹೋಯ್ತು, ಚೆಂಡು ಉಳೀತು

ಟೂ-ಡಿ ಆನಿಮೇಶನ್ ಕಲಿಯಬೇಕು ಅಂತ ಹೊರಟ ವಿದ್ಯಾರ್ಥಿಗಳು ಕೇಳುವ ಮೊದಲ ಪ್ರಶ್ನೆ ಒಂದೇ, "ಯಾವ ಸಾಫ್ಟ್‌ವೇರ್ ಕಲಿಯಲಿ?" ಉತ್ತರಕ್ಕೆ ಮುಂಚೆ ಸ್ವಲ್ಪ ಇತಿಹಾಸ ನೋಡೋಣ ಬನ್ನಿ.

ಅಮೆರಿಕದ ಫ್ಯೂಚರ್‌ವೇವ್ ಅನ್ನೋ ಪುಟ್ಟ ಕಂಪನಿಯಲ್ಲಿ ಜೊನಾಥನ್ ಗೇ ಮತ್ತು ಗೆಳೆಯರು ಮೊದಲು ಮಾಡಿದ್ದು ಪೆನ್ನಿನಿಂದ ಬರೆಯುವ ಕಂಪ್ಯೂಟರಿಗೆ ಒಂದು ಚಿತ್ರ ಬಿಡಿಸುವ ತಂತ್ರಾಂಶ. ಆ ಕಂಪ್ಯೂಟರುಗಳೇ ಮಾರಾಟವಾಗಲಿಲ್ಲ! ಆಗ ಅದಕ್ಕೆ ಚಲನೆ ಸೇರಿಸಿ 1996ರಲ್ಲಿ ಫ್ಯೂಚರ್‌ಸ್ಪ್ಲಾಶ್ ಆನಿಮೇಟರ್ ಅಂತ ಹೊರತಂದರು. ಅದೇ ವರ್ಷದ ಕೊನೆಗೆ ಮ್ಯಾಕ್ರೋಮೀಡಿಯಾ ಅದನ್ನು ಕೊಂಡು ಫ್ಲಾಶ್ ಅಂತ ಹೆಸರಿಟ್ಟಿತು. 2005ರಲ್ಲಿ ಮ್ಯಾಕ್ರೋಮೀಡಿಯಾವನ್ನೇ ಅಡೋಬಿ ಕೊಂಡಿತು.

ವಿದ್ಯಾರ್ಥಿಗಳಿಗೆ ಫ್ಲಾಶ್ ಯಾಕೆ ಅಷ್ಟು ಇಷ್ಟವಾಯ್ತು? ಮೊದಲ ಚಿತ್ರ, ಕೊನೆಯ ಚಿತ್ರ ಕೊಟ್ಟರೆ ನಡುವಿನದ್ದನ್ನು ಅದೇ ತುಂಬುತ್ತಿತ್ತು. ಇದಕ್ಕೆ ಟ್ವೀನ್ ಅಂತಾರೆ. ಗೆರೆಗಳನ್ನು ಲೆಕ್ಕದ ರೂಪದಲ್ಲಿ ಇಡುತ್ತಿದ್ದರಿಂದ ಫೈಲ್ ಕೂಡ ಚಿಕ್ಕದು, ಡಯಲ್-ಅಪ್ ಕಾಲಕ್ಕೆ ಹೇಳಿ ಮಾಡಿಸಿದಂತಿತ್ತು.

ಆದರೆ 2010ರಲ್ಲಿ ಸ್ಟೀವ್ ಜಾಬ್ಸ್ ಐಫೋನಿನಲ್ಲಿ ಫ್ಲಾಶ್ ಯಾಕಿಲ್ಲ ಅಂತ ಬಹಿರಂಗ ಪತ್ರ ಬರೆದರು. 2016ರಲ್ಲಿ ಫ್ಲಾಶ್ ಪ್ರೊಫೆಶನಲ್ ಹೆಸರು ಅಡೋಬಿ ಆನಿಮೇಟ್ ಆಯ್ತು. 2020ರ ಡಿಸೆಂಬರ್ 31ಕ್ಕೆ ಫ್ಲಾಶ್ ಪ್ಲೇಯರ್‌ಗೆ ಬೆಂಬಲವೂ ನಿಂತಿತು. ವಿದ್ಯಾರ್ಥಿಗಳು ವರ್ಷಗಟ್ಟಲೆ ಕೂತು ಮಾಡಿದ ಎಸ್‌ಡಬ್ಲ್ಯೂಎಫ್ ಫೈಲುಗಳು ಬ್ರೌಸರಿನಲ್ಲಿ ಖಾಲಿ ಚೌಕಗಳಾದವು. ರಫಲ್ ಅನ್ನೋ ಮುಕ್ತ ತಂತ್ರಾಂಶ ಬಂದು ಎಷ್ಟೋ ಫೈಲುಗಳಿಗೆ ಮರುಜೀವ ಕೊಟ್ಟಿದೆ, ಅದು ಬೇರೆ ಮಾತು.

ಈಗ ಇನ್ನೊಂದು ಕಥೆ ಕೇಳಿ. ಇಟಲಿಯ ಡಿಜಿಟಲ್ ವಿಡಿಯೋ ಕಂಪನಿ 1993ರ ಹೊತ್ತಿಗೆ ಟೂನ್ಜ್ ಮಾಡಿತು. ಜಪಾನಿನ ಸ್ಟುಡಿಯೋ ಜಿಬ್ಲಿ ಅದನ್ನು 'ಪ್ರಿನ್ಸೆಸ್ ಮೊನೊನೊಕೆ'ಯ (1997) ಕೆಲವು ದೃಶ್ಯಗಳಿಗೆ ಬಳಸಿತು. ಆಗ ಅದು ವಿದ್ಯಾರ್ಥಿಯ ಕೈಗೆಟುಕುವ ವಸ್ತುವೇ ಅಲ್ಲ. 2016ರ ಮಾರ್ಚ್‌ನಲ್ಲಿ ಜಪಾನಿನ ಡ್ವಾಂಗೊ ಕಂಪನಿ ಟೂನ್ಜ್‌ನ ಹಕ್ಕು ಪಡೆದು ಓಪನ್‌ಟೂನ್ಜ್ ಅಂತ ಮುಕ್ತವಾಗಿ ಬಿಟ್ಟಿತು. ಅದೇ ವರ್ಷ ಕ್ರಿಟಾ 3.0ಕ್ಕೂ ಆನಿಮೇಶನ್ ಬಂತು. ಸಿನ್‌ಫಿಗ್ 2005ರಿಂದಲೇ ಮುಕ್ತ. ತೀರಾ ಸರಳವಾದದ್ದು ಬೇಕಂದ್ರೆ ಪೆನ್ಸಿಲ್‌ಟೂಡಿ ಇದೆ. ಹಾಸ್ಟೆಲ್ ಬಿಲ್ ಕಟ್ಟೋಕೇ ಪರದಾಡುವ ಹುಡುಗರು ಕದ್ದ ಪ್ರತಿ ಹುಡುಕುವ ಅಗತ್ಯವೇ ಇಲ್ಲ.

ಒಂದು ವಿಷಯ ಗಮನಿಸಿ. ಇವೆಲ್ಲದರೊಳಗೂ ಇರೋ ಪದಗಳು ಕಂಪ್ಯೂಟರಿಗಿಂತ ಹಳೆಯವು. ಸ್ಟುಡಿಯೋಗಳಲ್ಲಿ ಹಿರಿಯ ಕಲಾವಿದರು ಮುಖ್ಯ ಭಂಗಿಗಳನ್ನು ಬಿಡಿಸುತ್ತಿದ್ದರು, ಅದು ಕೀ. ನಡುವಿನವನ್ನು ಕಿರಿಯರು ತುಂಬುತ್ತಿದ್ದರು, ಅದು ಇನ್‌ಬಿಟ್ವೀನ್. ಕೆಳಗಿನಿಂದ ದೀಪ ಬಿಟ್ಟು ಹಿಂದಿನ ಹಾಳೆ ಕಾಣುವ ತೆಳು ಕಾಗದದ ಮೇಲೆ ಬರೆಯುತ್ತಿದ್ದರು, ಅದೇ ಇವತ್ತಿನ ಆನಿಯನ್ ಸ್ಕಿನ್. ಯಾವ ಚಿತ್ರ ಎಷ್ಟು ಫ್ರೇಮ್ ನಿಲ್ಲಬೇಕು ಅನ್ನೋ ಪಟ್ಟಿ ಎಕ್ಸ್‌-ಶೀಟ್, ಓಪನ್‌ಟೂನ್ಜ್‌ನಲ್ಲಿ ಇವತ್ತಿಗೂ ಅದೇ ಹೆಸರಿನಲ್ಲಿದೆ. ಫ್ಲಾಶಿನ ಮೆನು ಮಾತ್ರ ಬಾಯಿಪಾಠ ಮಾಡಿದವನು ಬೇರೆ ತಂತ್ರಾಂಶಕ್ಕೆ ಹೋದರೆ ಮತ್ತೆ ಮೊದಲಿಂದ ಶುರು ಮಾಡಬೇಕು. ಈ ನಾಲ್ಕನ್ನು ಅರ್ಥ ಮಾಡಿಕೊಂಡಿದ್ದವನಿಗೆ ಹೊಸ ತಂತ್ರಾಂಶದಲ್ಲಿ ಬಟನ್ ಎಲ್ಲಿದೆ ಅಂತ ಹುಡುಕುವುದಷ್ಟೇ ಕೆಲಸ.

ಹಾಗಾಗಿ ನನ್ನ ಉತ್ತರ ಇಷ್ಟು. ಪೆನ್ಸಿಲ್‌ಟೂಡಿ ಹಾಕಿಕೊಂಡು ಒಂದು ಚೆಂಡನ್ನು ನೆಲಕ್ಕೆ ಬಡಿದು ಪುಟಿಸಿ. ಸೆಕೆಂಡಿಗೆ 24 ಫ್ರೇಮ್, ಒಂದೊಂದು ಚಿತ್ರ ಎರಡು ಫ್ರೇಮ್ ನಿಂತರೆ 12 ಚಿತ್ರ ಸಾಕು. ಮೇಲೆ ಹತ್ತಿರ ಹತ್ತಿರ ಬರೆಯಿರಿ, ಕೆಳಗೆ ದೂರ ದೂರ. ಟ್ವೀನ್ ಮುಟ್ಟಬೇಡಿ. ಚೆಂಡಿಗೆ ತೂಕ ಬಂತು ಅನ್ನಿಸಿದ ದಿನ ಓಪನ್‌ಟೂನ್ಜ್‌ಗೆ ಹೋಗಿ. ಮಾಡಿದ್ದೆಲ್ಲವನ್ನೂ ಪಿಎನ್‌ಜಿ ಚಿತ್ರಗಳ ಸಾಲಾಗಿಯೂ ಉಳಿಸಿಡಿ. ನಾಳೆ ಆ ತಂತ್ರಾಂಶ ಇಲ್ಲದಿದ್ದರೂ ನಿಮ್ಮ ಚಿತ್ರಗಳು ಇರುತ್ತವೆ.

ಏನಂತೀರಿ? ನೀವು ಯಾವುದರಲ್ಲಿ ಕಲಿತಿರಿ, ತಿಳಿಸಿ :)